ಸತ್ತ ಗೆಳೆಯನ ತಾಯಿ ಫೋನ್ ಮಾಡುತ್ತಾರೆ, ಅಣ್ಣ ಎತ್ತುವುದಿಲ್ಲ

ಕಿರಿಯವಳು

ಎಲ್ಲರಿಗೂ ನಮಸ್ಕಾರ. ಇಲ್ಲಿ ಓದುತ್ತಾ ಇರುತ್ತೇನೆ, ಬರೆಯುವುದು ಮೊದಲ ಸಲ.

ನನ್ನ ಅಣ್ಣ ಸೇನೆಯಲ್ಲಿದ್ದಾನೆ. ಎಂಟು ತಿಂಗಳ ಹಿಂದೆ ಅವನ ಪಕ್ಕದಲ್ಲೇ ಇದ್ದ ಗೆಳೆಯ ತೀರಿಕೊಂಡ. ತರಬೇತಿಯ ದಿನದಿಂದಲೂ ಇಬ್ಬರೂ ಜೊತೆ. ಅಣ್ಣನ ಕೈಗೆ ಪೆಟ್ಟಾಯಿತು, ಅಷ್ಟೇ. ಈಗ ರಜೆಯ ಮೇಲೆ ಮನೆಗೆ ಬಂದಿದ್ದಾನೆ. ಊಟ ಮಾಡುತ್ತಾನೆ, ಮಾತಾಡಿಸಿದರೆ ಮಾತಾಡುತ್ತಾನೆ, ಮಕ್ಕಳ ಜೊತೆ ಆಡುತ್ತಾನೆ. ನೋಡಿದವರಿಗೆ ಏನೂ ಆಗಿಲ್ಲ ಅನ್ನಿಸುತ್ತದೆ.

ಆದರೆ ಭಾನುವಾರ ಸಂಜೆ ಆ ಗೆಳೆಯನ ತಾಯಿ ಫೋನ್ ಮಾಡುತ್ತಾರೆ. ಹೆಚ್ಚುಕಡಿಮೆ ಪ್ರತಿ ವಾರ. ಅಣ್ಣ ಎತ್ತುವುದಿಲ್ಲ. ರಿಂಗ್ ಆಗಿ ಆಗಿ ನಿಲ್ಲುವ ತನಕ ಫೋನನ್ನೇ ನೋಡುತ್ತಾ ಕೂತಿರುತ್ತಾನೆ. ಒಂದು ಸಲ ನಾನೇ ಎತ್ತಿದೆ. ಅವರು ಅಳಲಿಲ್ಲ, ದೂರಲಿಲ್ಲ. "ಅವನು ಹುಷಾರಾಗಿದ್ದಾನಾ? ಸುಮ್ನೆ ಕೇಳೋಣ ಅಂತ ಮಾಡಿದೆ" ಅಂದರು. ಫೋನ್ ಇಟ್ಟ ಮೇಲೆ ಅಣ್ಣ ನನ್ನ ಮೇಲೆ ಎಗರಾಡಿದ. ಅವನು ಅಷ್ಟು ಸಿಟ್ಟಾದದ್ದನ್ನು ನಾನು ಯಾವತ್ತೂ ನೋಡಿಲ್ಲ.

ಅವನನ್ನು ಮಾತಾಡು ಎಂದು ಒತ್ತಾಯಿಸಬೇಕಾ? ಆ ತಾಯಿಗೆ ಫೋನ್ ಮಾಡಬೇಡಿ ಎಂದು ಹೇಳಬೇಕಾ? ಎರಡೂ ತಪ್ಪು ಅನ್ನಿಸುತ್ತಿದೆ.

ನಿವೃತ್ತ_ಹವಾಲ್ದಾರ್

ತಂಗಿ, ಎರಡೂ ಮಾಡಬೇಡ. ನೀನು ಫೋನ್ ಎತ್ತಿದ್ದು ತಪ್ಪಲ್ಲ. ಆದರೆ ಮುಂದಿನ ಸಲ ಅವನಿಗೆ ಹೇಳಿ ಎತ್ತು.

ನಾನು 22 ವರ್ಷ ಸೇವೆ ಮಾಡಿದವನು. ಅಲ್ಲಿ ಅಳುವುದಕ್ಕೆ ಹೊತ್ತೇ ಇರುವುದಿಲ್ಲ. ಸಂಜೆ ಒಬ್ಬ ಹೋದರೆ ರಾತ್ರಿ ಅವನ ಪಹರೆಗೆ ಇನ್ನೊಬ್ಬ ನಿಲ್ಲಬೇಕು. ಆಮೇಲೆ ಅವನ ಟ್ರಂಕ್ ಕಟ್ಟಬೇಕು. ನನ್ನ ಗೆಳೆಯನ ಟ್ರಂಕ್ ನಾನೇ ಕಟ್ಟಿದೆ. ಒಬ್ಬ ಓದಬೇಕು, ಇನ್ನೊಬ್ಬ ಪಟ್ಟಿಯಲ್ಲಿ ಬರೆಯಬೇಕು. ಶರ್ಟು ಎರಡು. ಕ್ಷೌರದ ಸೆಟ್ಟು ಒಂದು. ಅರ್ಧ ಸವೆದ ಸೋಪು. ಆ ಸೋಪನ್ನು ಮನೆಗೆ ಕಳಿಸಬೇಕಾ ಬೇಡವಾ ಎಂದು ನಾವಿಬ್ಬರು ಹತ್ತು ನಿಮಿಷ ಜಗಳವಾಡಿದೆವು. ಕೊನೆಗೆ ಕಳಿಸಿದೆವು. ಆ ಹತ್ತು ನಿಮಿಷ ಬಿಟ್ಟರೆ ಅವನಿಗಾಗಿ ನಾವು ಬೇರೆ ಹೊತ್ತು ಕೊಡಲಿಲ್ಲ.

ಆ ತಾಯಿ ಅಳುತ್ತಾರೆ ಎಂದು ನಿನ್ನ ಅಣ್ಣ ಹೆದರುತ್ತಿಲ್ಲ. "ಅವನು ಸತ್ತ, ನೀನು ಹೇಗೆ ಉಳಿದೆ?" ಎಂದು ಕೇಳಿಬಿಟ್ಟರೆ ಅಂತ ಹೆದರುತ್ತಿದ್ದಾನೆ. ಅವರು ಯಾವತ್ತೂ ಹಾಗೆ ಕೇಳುವುದಿಲ್ಲ. ಇವನು ಮಾತ್ರ ದಿನಾ ಕೇಳಿಕೊಳ್ಳುತ್ತಿರುತ್ತಾನೆ. ನನ್ನ ಗೆಳೆಯನ ಮನೆಗೆ ಹೋಗಲು ನನಗೆ ಹನ್ನೊಂದು ವರ್ಷ ಬೇಕಾಯಿತು. ಅಷ್ಟರಲ್ಲಿ ಅವನ ಅಪ್ಪ ತೀರಿಕೊಂಡಿದ್ದರು.

ನೇರಮಾತು

ನನ್ನ ಮಾತು ಕಹಿ ಅನ್ನಿಸಬಹುದು. ಸೇನೆಗೆ ಸೇರುವಾಗ ಸಾವು ಬರಬಹುದು ಎಂದು ಗೊತ್ತಿದ್ದೇ ಹೋಗಿರುತ್ತಾರೆ. ಮನೆಯವರಿಗೂ ಗೊತ್ತಿರುತ್ತದೆ. ಹಿಂದಿನ ಕಾಲದ ಸೈನಿಕರು ಇಷ್ಟೆಲ್ಲ ಯೋಚನೆ ಮಾಡುತ್ತಿರಲಿಲ್ಲ. ಈಗ ಎಲ್ಲದಕ್ಕೂ ಒಂದು ಕಾಯಿಲೆಯ ಹೆಸರು.

ಹಳೇಪುಟ

ನೇರಮಾತು ಅವರೇ, ಹಿಂದಿನ ಕಾಲದ ವಿಷಯ ಎತ್ತಿದಿರಿ, ಅದಕ್ಕೆ ಹೇಳುತ್ತೇನೆ.

ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆಯೊಂದರಲ್ಲೇ ಸುಮಾರು 80,000 ಸೈನಿಕರಿಗೆ 'ಶೆಲ್ ಶಾಕ್' ಎಂದು ಬರೆದಿದ್ದರು. ಕೈ ನಡುಗುವುದು, ಮಾತು ನಿಲ್ಲುವುದು, ಪೆಟ್ಟಿಲ್ಲದೆ ಕಣ್ಣು ಕಾಣದಿರುವುದು. ಚಾರ್ಲ್ಸ್ ಮೈಯರ್ಸ್ ಎಂಬ ವೈದ್ಯ 1915ರಲ್ಲಿ ಈ ಹೆಸರನ್ನು ವೈದ್ಯಕೀಯ ಪತ್ರಿಕೆಯಲ್ಲಿ ಬಳಸಿದರು. ಶೆಲ್, ಅಂದರೆ ಫಿರಂಗಿಯ ಗುಂಡು, ಹತ್ತಿರ ಸಿಡಿದಾಗ ಮಿದುಳು ಅಲುಗಾಡಿ ಹೀಗಾಗುತ್ತದೆ ಎಂದು ಮೊದಲು ನಂಬಿದ್ದರು. ಶೆಲ್ ಹತ್ತಿರಕ್ಕೇ ಹೋಗದವರಿಗೂ ಹೀಗೆ ಆಗತೊಡಗಿದಾಗ ಗೊಂದಲ ಶುರುವಾಯಿತು. ಎಷ್ಟೋ ಅಧಿಕಾರಿಗಳು ಇದನ್ನು ಹೇಡಿತನ ಅಂದರು. ಆ ಯುದ್ಧದಲ್ಲಿ ಓಡಿಹೋದದ್ದು, ಹೇಡಿತನ ಇಂಥ ಆರೋಪಗಳ ಮೇಲೆ ತಮ್ಮದೇ ಸೇನೆಯ ಗುಂಡಿಗೆ ಸತ್ತ 306 ಜನರಿಗೆ ಬ್ರಿಟನ್ ಕ್ಷಮೆ ಕೊಟ್ಟದ್ದು 2006ರಲ್ಲಿ. ತೊಂಬತ್ತು ವರ್ಷ ಆ ಮನೆಗಳು ನಾಚಿಕೆ ಹೊತ್ತು ಬದುಕಿದವು. ಎಷ್ಟೋ ಊರುಗಳ ಸ್ಮಾರಕದಲ್ಲಿ ಅವರ ಹೆಸರೇ ಇರಲಿಲ್ಲ.

ಪಿಟಿಎಸ್‌ಡಿ (ಭೀಕರ ಘಟನೆ ಕಂಡವರ ಮನಸ್ಸಿನಲ್ಲಿ ಉಳಿಯುವ ಆಘಾತದ ಕಾಯಿಲೆ) ಎಂಬ ಹೆಸರು ಅಮೆರಿಕದ ಮನೋವೈದ್ಯರ ಕೈಪಿಡಿಗೆ ಬಂದದ್ದು 1980ರಲ್ಲಿ, ವಿಯೆಟ್ನಾಂ ಯುದ್ಧ ಮುಗಿದ ಮೇಲೆ. ಹೆಸರು ಹೊಸದು, ನೋವು ಹಳೆಯದೇ.

ಎರಡನೇ_ಮಗ

ನೇರಮಾತು ಅವರೇ, ಗೊತ್ತಿದ್ದು ಹೋದವನು ನನ್ನ ಅಣ್ಣ. ಅಮ್ಮ ಎಲ್ಲೂ ಸಹಿ ಹಾಕಿರಲಿಲ್ಲ.

ಅವನು ಹೋಗಿ ಹದಿಮೂರು ವರ್ಷವಾಯಿತು. ಮೊದಲ ವಾರ ಮನೆಯಲ್ಲಿ ನಿಲ್ಲಲು ಜಾಗ ಇರಲಿಲ್ಲ. ಭಾಷಣ, ಹಾರ, ಕ್ಯಾಮೆರಾ. ಎಲ್ಲರೂ 'ಹುತಾತ್ಮನ ತಾಯಿ' ಎಂದು ಅಮ್ಮನ ಕಾಲಿಗೆ ಬಿದ್ದರು. ಮೂರನೇ ವಾರ ಯಾರೂ ಇಲ್ಲ. ಆಗ ಅಮ್ಮನಿಗೆ ಇನ್ನೊಂದು ತೊಂದರೆ ಶುರುವಾಯಿತು. ಹುತಾತ್ಮನ ತಾಯಿ ಬೀದಿಯಲ್ಲಿ ಅಳುವ ಹಾಗಿಲ್ಲ. ಯಾಕೆ ಕಳಿಸಿದೆನೋ ಎಂದು ಬಾಯಿಬಿಟ್ಟು ಹೇಳುವ ಹಾಗಿಲ್ಲ. ಹೆಮ್ಮೆ ಪಡಬೇಕು. ಹೆಮ್ಮೆ ಇತ್ತು, ಇಲ್ಲ ಎನ್ನುವುದಿಲ್ಲ. ಆದರೆ ಅವಳಿಗೆ ಬೇಕಾಗಿದ್ದದ್ದು ಮಗ.

ಹವಾಲ್ದಾರ್ ಸರ್, ಆ ಸೋಪು ಕಳಿಸಿ ಒಳ್ಳೆಯದು ಮಾಡಿದಿರಿ. ನಮಗೆ ಬಂದ ಪೆಟ್ಟಿಗೆಯಲ್ಲಿ ಬಟ್ಟೆಯನ್ನೆಲ್ಲ ಒಗೆದು ಇಸ್ತ್ರಿ ಮಾಡಿ ಇಟ್ಟಿದ್ದರು. ಗೌರವದಿಂದಲೇ ಮಾಡಿದ್ದು. ಅಮ್ಮ ಒಂದೊಂದನ್ನೂ ಎತ್ತಿ ಮೂಸಿ ನೋಡಿದಳು. ಯಾವುದರಲ್ಲೂ ಅವನ ವಾಸನೆ ಇರಲಿಲ್ಲ.

ಕಿರಿಯವಳು ಅವರೇ, ಆ ತಾಯಿ ಯಾಕೆ ಫೋನ್ ಮಾಡುತ್ತಾರೆ ಎಂದು ನನಗೆ ಗೊತ್ತು ಅನ್ನಿಸುತ್ತದೆ. ನಮಗೆ ಬಂದ ಪತ್ರದಲ್ಲಿ ಆರು ಸಾಲು ಇತ್ತು. ಅಮ್ಮ ಕೇಳುತ್ತಿದ್ದದ್ದು ಬೇರೆ. ಆ ದಿನ ಬೆಳಿಗ್ಗೆ ಏನು ತಿಂದಿದ್ದ? ಹಿಂದಿನ ರಾತ್ರಿ ನಿದ್ದೆ ಮಾಡಿದ್ದನಾ? ಯಾರ ಜೊತೆ ನಗುತ್ತಿದ್ದ? ಇದಕ್ಕೆಲ್ಲ ಉತ್ತರ ಗೊತ್ತಿರುವುದು ನಾಲ್ಕೈದು ಜನಕ್ಕೆ ಮಾತ್ರ. ಆ ನಾಲ್ಕೈದು ಜನ ನಮ್ಮ ಮನೆಯ ದಾರಿ ತಪ್ಪಿಸಿ ಓಡಾಡುತ್ತಿದ್ದರು. ನಾಲ್ಕು ವರ್ಷದ ಮೇಲೆ ಒಬ್ಬ ಬಂದ. ಅಣ್ಣನ ಗೊರಕೆಗೆ ಇಡೀ ಬ್ಯಾರಕ್ ಬೈಯುತ್ತಿತ್ತು ಎಂದು ಹೇಳಿದ. ಅಮ್ಮ ನಕ್ಕಳು. ಅಣ್ಣ ಹೋದ ಮೇಲೆ ಅವಳು ನಕ್ಕಿದ್ದು ಅವತ್ತೇ ಮೊದಲು.

ನೇರಮಾತು

ತಪ್ಪಾಯಿತು. ಆ ರೀತಿ ಯೋಚಿಸಿರಲಿಲ್ಲ.

ಕೇಳುವ_ಕಿವಿ

ನಾನು ಆಪ್ತಸಮಾಲೋಚಕಿ. ಸೇನೆಯಿಂದ ಬಂದವರ ಜೊತೆ ಕೆಲವು ವರ್ಷ ಕೆಲಸ ಮಾಡಿದ್ದೇನೆ. ನೋಡದೆ ನಿಮ್ಮ ಅಣ್ಣನ ಬಗ್ಗೆ ಏನೂ ತೀರ್ಮಾನ ಹೇಳುವುದಿಲ್ಲ.

ಜನ ಎಲ್ಲವನ್ನೂ ಪಿಟಿಎಸ್‌ಡಿ ಎಂದು ಒಂದೇ ಚೀಲಕ್ಕೆ ಹಾಕುತ್ತಾರೆ. ಅದರ ಬೇರಿನಲ್ಲಿ ಹೆಚ್ಚಾಗಿ ಭಯ ಇರುತ್ತದೆ. ಪಟಾಕಿ ಸದ್ದಿಗೆ ಬೆಚ್ಚುವುದು, ನಿದ್ದೆಯಲ್ಲಿ ಅದೇ ದೃಶ್ಯ ಬರುವುದು. ಉಳಿದವನ ತಪ್ಪಿತಸ್ಥ ಭಾವ ಇದಕ್ಕಿಂತ ಬೇರೆ. "ನಾನು ಅವತ್ತು ಎಡಗಡೆ ನಿಂತಿದ್ದರೆ" ಎಂಬ ಲೆಕ್ಕ ಅದು. ಇನ್ನೊಂದನ್ನು 'ನೈತಿಕ ಗಾಯ' ಎನ್ನುತ್ತಾರೆ. ವಿಯೆಟ್ನಾಂನಿಂದ ಬಂದವರಿಗೆ ಚಿಕಿತ್ಸೆ ಕೊಡುತ್ತಿದ್ದ ಜೊನಾಥನ್ ಶೇ ಎಂಬ ಮನೋವೈದ್ಯರು 1990ರ ದಶಕದಲ್ಲಿ ಇದರ ಬಗ್ಗೆ ಬರೆದರು. ತಾನು ಮಾಡಿದ್ದೋ, ಮಾಡದೆ ಬಿಟ್ಟದ್ದೋ, ಮೇಲಿನವರು ಮಾಡಿಸಿದ್ದೋ ತನ್ನ ಮನಸ್ಸಾಕ್ಷಿಗೆ ಒಗ್ಗದೆ ಉಳಿಯುವುದು. ಶತ್ರುವನ್ನು ಕೊಂದದ್ದೂ ಇದರಲ್ಲಿ ಬರುತ್ತದೆ. ಅದನ್ನು ಮನೆಯಲ್ಲಿ ಯಾರೂ ಕೇಳುವುದಿಲ್ಲ, ಅವರೂ ಹೇಳುವುದಿಲ್ಲ.

ನೀವು ಗಮನಿಸಬೇಕಾದದ್ದು ನಿದ್ದೆ, ಕುಡಿತ, ಮತ್ತು "ನಾನೇ ಹೋಗಬೇಕಿತ್ತು" ಎಂಬಂಥ ಮಾತು. ಅಂಥ ಮಾತು ಬಂದರೆ ಸುತ್ತಿ ಬಳಸಿ ಕೇಳಬೇಡಿ. "ಸಾಯುವ ಯೋಚನೆ ಬರುತ್ತಿದೆಯಾ?" ಎಂದು ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕುಬಿಡುತ್ತದೆ ಎಂಬ ಭಯ ಬೇಡ, ಹಾಗಾಗುವುದಿಲ್ಲ. ಹೌದು ಅಂದರೆ ಒಬ್ಬನನ್ನೇ ಬಿಡದೆ ಅವತ್ತೇ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ.

ಆ ತಾಯಿಗೆ ನೀವು ಒಂದು ಮಾತು ಹೇಳಬಹುದು. "ಅವನಿಗೆ ಇನ್ನೂ ಮಾತಾಡಲು ಆಗುತ್ತಿಲ್ಲ, ನಿಮ್ಮನ್ನು ಮರೆತಿಲ್ಲ" ಎಂದು. ಅಣ್ಣನಿಗೆ ತಿಳಿಸಿಯೇ ಹೇಳಿ.

ಕಿರಿಯವಳು

ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ನಿದ್ದೆ ಕಡಿಮೆ. ಕುಡಿತ ಇಲ್ಲ. ಮೂರನೆಯದನ್ನು ಇವತ್ತು ಕೇಳಿದೆ, ಕೈ ನಡುಗುತ್ತಿತ್ತು. ಇಲ್ಲ ಅಂದ. ನಂಬುತ್ತೇನೆ. ಆದರೆ ಒಂದು ಮಾತು ಹೇಳಿದ. ಆ ಗೆಳೆಯ ತಕ್ಷಣ ಸಾಯಲಿಲ್ಲವಂತೆ. ಸುಮಾರು ಹೊತ್ತು ಎಚ್ಚರ ಇತ್ತಂತೆ. ಮನೆಯವರಿಗೆ "ತಕ್ಷಣ ಹೋದರು, ನೋವಾಗಲಿಲ್ಲ" ಎಂದು ಹೇಳಿದ್ದಾರೆ. "ಅಮ್ಮ ಕೇಳಿದರೆ ನಾನು ಏನು ಹೇಳಲಿ?" ಅಂದ. ಅದಕ್ಕೇ ಫೋನ್ ಎತ್ತುವುದಿಲ್ಲ.

ಬಿಳಿಪಟ್ಟಿ

ಇದಕ್ಕೆ ನಾನು ಉತ್ತರ ಕೊಡಬೇಕು. ಯುದ್ಧ ನಡೆಯುತ್ತಿದ್ದ ಕಡೆ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. "ನೋವಾಗಲಿಲ್ಲ" ಎಂಬ ಸುಳ್ಳನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ಹೇಳಿದ್ದಕ್ಕೆ ಪಶ್ಚಾತ್ತಾಪವೂ ಇಲ್ಲ. ಒಬ್ಬ ತಾಯಿ ಉಳಿದ ಜೀವನವಿಡೀ ಕಣ್ಣು ಮುಚ್ಚಿದಾಗ ಆ ದೃಶ್ಯ ನೋಡಬೇಕಾ? ಯಾಕೆ? ನಿಜ ಹೇಳಿದೆ ಎಂಬ ಸಮಾಧಾನ ನಮಗೆ ಸಿಗಲಿ ಅಂತಲಾ?

ಹಳೇಪುಟ

ಮೊದಲ ಮಹಾಯುದ್ಧದಲ್ಲಿ ಅಧಿಕಾರಿಗಳು ಬರೆದ ಸಾಂತ್ವನದ ಪತ್ರಗಳಲ್ಲೂ ಇದೇ ಸಾಲು. ತಕ್ಷಣ ಪ್ರಾಣ ಹೋಯಿತು, ನರಳಲಿಲ್ಲ. ಎಷ್ಟು ಮನೆಗೆ ಅದೇ ಸಾಲು ಹೋಯಿತು ಅಂದರೆ ಓದುವವರಿಗೂ ಅನುಮಾನ ಬರುವಷ್ಟು. ಸುದ್ದಿ ಬರುವ ರೀತಿಯಲ್ಲೂ ಮೇಲು ಕೀಳು ಇತ್ತು. ಬ್ರಿಟನ್‌ನಲ್ಲಿ ಅಧಿಕಾರಿ ಸತ್ತರೆ ಮನೆಗೆ ಟೆಲಿಗ್ರಾಂ, ಸಾಮಾನ್ಯ ಸೈನಿಕ ಸತ್ತರೆ ಅಂಚೆಯಲ್ಲಿ ಒಂದು ಅಚ್ಚಾದ ಫಾರಂ. ಖಾಲಿ ಬಿಟ್ಟ ಜಾಗದಲ್ಲಿ ಹೆಸರು ತುಂಬಿರುತ್ತಿದ್ದರು.

ಎರಡನೇ_ಮಗ

ಬಿಳಿಪಟ್ಟಿ ಮೇಡಂ, ನಿಮ್ಮ ಮೇಲೆ ಗೌರವ ಇಟ್ಟುಕೊಂಡೇ ಒಪ್ಪುವುದಿಲ್ಲ. ನಮಗೂ ಹಾಗೇ ಹೇಳಿದ್ದರು. ಎರಡು ವರ್ಷದ ಮೇಲೆ ಯಾರೋ ಬಾಯ್ತಪ್ಪಿ ನಿಜ ಹೇಳಿದರು. ಅಮ್ಮನಿಗೆ ಅವನ ನೋವಿಗಿಂತ ಜಾಸ್ತಿ ಚುಚ್ಚಿದ್ದು ಎರಡು ವರ್ಷ ತಾನು ಸುಳ್ಳನ್ನು ನಂಬಿಕೊಂಡು ಕೂತಿದ್ದದ್ದು. "ಇನ್ನೇನು ಮುಚ್ಚಿಟ್ಟಿದ್ದಾರೆ?" ಎಂದು ಆಮೇಲೆ ಎಲ್ಲವನ್ನೂ ಅನುಮಾನಿಸಿದಳು. ಶವಪೆಟ್ಟಿಗೆಯಲ್ಲಿ ಇದ್ದದ್ದು ಅವನೇ ಹೌದಾ ಎಂದು ಕೂಡ ಕೇಳಿದಳು. ಪೆಟ್ಟಿಗೆ ತೆರೆಯಲು ಬಿಟ್ಟಿರಲಿಲ್ಲ.

ಬಿಳಿಪಟ್ಟಿ

ಪೆಟ್ಟಿಗೆಯ ಮಾತು ಓದಿ ಸುಮ್ಮನಾದೆ. ಆದರೂ ಎಲ್ಲ ತಾಯಂದಿರೂ ನಿಮ್ಮ ಅಮ್ಮನ ಹಾಗೆ ಇರುವುದಿಲ್ಲ. ಕೆಲವರು ಕೇಳುವುದೇ ಇಲ್ಲ, ಬೇಕೆಂದೇ ಕೇಳುವುದಿಲ್ಲ. ಅವರಿಗೆ ನಾವಾಗಿ ಹೇಳುವುದು ಕ್ರೂರ.

ನಿವೃತ್ತ_ಹವಾಲ್ದಾರ್

ಇಬ್ಬರೂ ಹೇಳುವುದು ಸರಿ ಇದೆ. ನಾನು ಹೋದಾಗ ಏನು ಮಾಡಿದೆ ಅಂತ ಹೇಳುತ್ತೇನೆ. ಆ ತಾಯಿ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟೆ. ಕೇಳಿದ್ದಕ್ಕೆ ಸುಳ್ಳು ಹೇಳಲಿಲ್ಲ. ಮೊದಲ ಸಲ ಅವರು ಕೇಳಿದ್ದು "ಒಬ್ಬನೇ ಇದ್ದನಾ?" ಎಂದು. ಇಲ್ಲಮ್ಮ, ನಾನು ಪಕ್ಕದಲ್ಲಿದ್ದೆ ಅಂದೆ. ಅಷ್ಟು ಸಾಕಾಯಿತು ಅವರಿಗೆ. ನೋವಿನ ವಿಷಯ ಕೇಳಿದ್ದು ಮೂರನೇ ಭೇಟಿಯಲ್ಲಿ. ಅಷ್ಟರಲ್ಲಿ ಅವರೂ ತಯಾರಾಗಿದ್ದರು, ನಾನೂ.

ತಂಗಿ, ನಿನ್ನ ಅಣ್ಣನಿಗೆ ಇದನ್ನು ಓದಿಸು. ಗೆಳೆಯ ಎಚ್ಚರವಿದ್ದಷ್ಟು ಹೊತ್ತು ಇವನು ಜೊತೆಗಿದ್ದ ಅಲ್ವಾ? ಇವನು ಅದನ್ನು ಪಾಪದ ಹಾಗೆ ಬಚ್ಚಿಟ್ಟುಕೊಂಡಿದ್ದಾನೆ. ಆ ತಾಯಿಗೆ ಬೇಕಾಗಿರುವುದು ಅದೇ ಇರಬಹುದು.

ದೂರದೂರು

ಇದುವರೆಗೆ ಸೈನಿಕರ ಮಾತೇ ನಡೆಯಿತು. ತಪ್ಪು ಎನ್ನುತ್ತಿಲ್ಲ, ಪ್ರಶ್ನೆಯೇ ಅದು. ಆದರೆ ನಾನು ಯುದ್ಧದಿಂದ ಓಡಿಬಂದವರ ಶಿಬಿರದಲ್ಲಿ ಕೆಲಸ ಮಾಡಿದವನು. ನೀವು ಹೇಳುವ ಆರು ಸಾಲಿನ ಪತ್ರ ಕೂಡ ಅಲ್ಲಿ ಯಾರಿಗೂ ಬಂದಿರಲಿಲ್ಲ.

ಸೈನಿಕ ಸತ್ತರೆ ಅವನಿಗೊಂದು ನಂಬರ್ ಇರುತ್ತದೆ, ತುಕಡಿ ಇರುತ್ತದೆ, ಕೊನೆಗೆ ಫೋನ್ ಎತ್ತದ ಗೆಳೆಯನಾದರೂ ಇರುತ್ತಾನೆ. ಬಾಂಬು ಬಿದ್ದ ಮನೆಯಲ್ಲಿ ಸತ್ತವರಿಗೆ ಅವರ ಸಾವನ್ನು ಹೇಳುವವರೂ ಅದೇ ಮನೆಯಲ್ಲಿ ಸತ್ತಿರುತ್ತಾರೆ. ರಷ್ಯಾದ ಲೆನಿನ್‌ಗ್ರಾಡ್ ನಗರಕ್ಕೆ ಜರ್ಮನ್ ಸೇನೆ ಹಾಕಿದ ಮುತ್ತಿಗೆಯಲ್ಲಿ, ಅಂದರೆ 1941ರಿಂದ 1944ರ ತನಕ, ತಾನ್ಯಾ ಸವಿಚೆವಾ ಎಂಬ ಹುಡುಗಿ ಪುಟ್ಟ ಪುಸ್ತಕದಲ್ಲಿ ಮನೆಯವರು ಒಬ್ಬೊಬ್ಬರಾಗಿ ಸತ್ತದ್ದನ್ನು ದಿನ, ಗಂಟೆ ಸಮೇತ ಬರೆದಿಟ್ಟಳು. ಆರು ಜನ. ಆಗ ಅವಳಿಗೆ ಹನ್ನೆರಡು ವರ್ಷ. ಎಲ್ಲರೂ ಹೋದರು, ತಾನೊಬ್ಬಳೇ ಉಳಿದೆ ಎಂದುಕೊಂಡಿದ್ದಳು. ನಿಜಕ್ಕೂ ಅವಳ ಅಕ್ಕ ಒಬ್ಬಳು, ಅಣ್ಣ ಒಬ್ಬ ಬದುಕಿದ್ದರು. ಅದು ತಿಳಿಯದೆಯೇ ಅವಳು 1944ರಲ್ಲಿ ಕಾಯಿಲೆಯಿಂದ ತೀರಿಕೊಂಡಳು. ನನಗೆ ಆ ಆರು ಸಾವಿಗಿಂತ ಈ ಸಂಗತಿ ಜಾಸ್ತಿ ಕಾಡುತ್ತದೆ.

ಸಾವು ಖಚಿತವಾಗದಿದ್ದರೆ ಬದುಕೂ ಮುಂದೆ ಹೋಗುವುದಿಲ್ಲ. ನಮ್ಮ ಶಿಬಿರದಲ್ಲಿ ಒಬ್ಬ ಹೆಂಗಸಿಗೆ ಗಂಡ ಸತ್ತ ದಾಖಲೆ ಇಲ್ಲ. ಹಾಗಾಗಿ ಅವಳು ವಿಧವೆ ಅಲ್ಲ. ಜಮೀನು ಅವಳ ಹೆಸರಿಗೆ ಬರುವುದಿಲ್ಲ, ಮಕ್ಕಳ ಕಾಗದಪತ್ರಕ್ಕೆ ಅಪ್ಪನ ಸಹಿ ಬೇಕು. ಮತ್ತೆ ಮದುವೆ ಆದರೆ ಅವನು ಬಂದುಬಿಟ್ಟರೆ? ಇದನ್ನು ಅವಳು ನಗುತ್ತಾ ಕೇಳಿದಳು.

ಕೇಳುವ_ಕಿವಿ

ಇದಕ್ಕೆ ನಮ್ಮಲ್ಲಿ ಒಂದು ಹೆಸರಿದೆ, 'ಅಸ್ಪಷ್ಟ ಅಗಲಿಕೆ' ಎನ್ನಬಹುದು. ಪಾಲಿನ್ ಬಾಸ್ ಎಂಬ ಅಮೆರಿಕದ ಸಂಶೋಧಕಿ 1970ರ ದಶಕದಲ್ಲಿ, ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ಪೈಲಟ್‌ಗಳ ಮನೆಯವರನ್ನು ಮಾತಾಡಿಸುತ್ತಾ ಇದನ್ನು ಗುರುತಿಸಿದರು. ದುಃಖ ಮುಗಿಯುವುದಿಲ್ಲ, ಏಕೆಂದರೆ ಅದು ಶುರುವಾಗುವುದೇ ಇಲ್ಲ. ಅತ್ತರೆ ಅವನನ್ನು ತಾನೇ ಕೊಂದ ಹಾಗೆ, ಅಳದಿದ್ದರೆ ಸುಳ್ಳು ಆಸೆ.

ಹಳೇಪುಟ

ದೂರದೂರು ಅವರ ಮಾತಿಗೆ ಸೇರಿಸುತ್ತೇನೆ. ಬೋಸ್ನಿಯಾ ಯುದ್ಧದಲ್ಲಿ, ಸ್ರೆಬ್ರೆನಿಟ್ಸಾ ಎಂಬ ಊರಿನಲ್ಲಿ 1995ರ ಜುಲೈನಲ್ಲಿ 8,000ಕ್ಕೂ ಹೆಚ್ಚು ಗಂಡಸರನ್ನು, ಹುಡುಗರನ್ನು ಕೊಂದರು. ಆಮೇಲೆ ಸಾಕ್ಷ್ಯ ಮುಚ್ಚಲು ಗುಂಡಿಗಳನ್ನು ಯಂತ್ರದಿಂದ ಅಗೆದು ಹೆಣಗಳನ್ನು ಬೇರೆ ಬೇರೆ ಕಡೆ ಸಾಗಿಸಿದರು. ಹಾಗಾಗಿ ಒಬ್ಬನದೇ ಮೂಳೆಗಳು ಹಲವು ಗುಂಡಿಗಳಲ್ಲಿ ಸಿಕ್ಕವು. ಬಂಧುಗಳ ರಕ್ತದ ಡಿಎನ್‌ಎ ಜೊತೆ ಹೋಲಿಸಿ ಗುರುತು ಹಿಡಿದರು. ಅಲ್ಲಿನ ತಾಯಂದಿರಿಗೆ ಒಂದು ಆಯ್ಕೆ ಎದುರಾಯಿತು. ಸಿಕ್ಕಷ್ಟು ಮೂಳೆಯನ್ನು ಈಗಲೇ ಮಣ್ಣು ಮಾಡುವುದೋ, ಇನ್ನಷ್ಟು ಸಿಗುವ ತನಕ ಕಾಯುವುದೋ. ಪ್ರತಿ ವರ್ಷ ಜುಲೈ 11ಕ್ಕೆ ಅಲ್ಲಿ ಹೊಸದಾಗಿ ಗುರುತು ಸಿಕ್ಕವರನ್ನು ಮಣ್ಣು ಮಾಡುತ್ತಾರೆ.

ತಮ್ಮವರಿಗೆ ಏನಾಯಿತು ಎಂದು ತಿಳಿಯುವ ಹಕ್ಕು ಕುಟುಂಬಕ್ಕಿದೆ ಎಂದು ಯುದ್ಧದ ನಿಯಮಗಳನ್ನು ಹೇಳುವ ಜಿನೀವಾ ಒಪ್ಪಂದಗಳ 1977ರ ಮೊದಲ ಪ್ರೋಟೋಕಾಲ್, ವಿಧಿ 32 ಹೇಳುತ್ತದೆ.

ನೇರಮಾತು

ಜಗಳಕ್ಕೆ ಅಲ್ಲ, ನಿಜವಾಗಿ ಕೇಳುತ್ತಿದ್ದೇನೆ. ಎಪ್ಪತ್ತು ವರ್ಷ ಕಳೆದ ಮೇಲೆ ಮೂಳೆ ಗುರುತು ಹಿಡಿದರೆ ಯಾರಿಗೆ ಏನು ಸಿಗುತ್ತದೆ? ಆ ತಾಯಿಯೇ ಇರುವುದಿಲ್ಲವಲ್ಲ.

ಹಳೇಪುಟ

1941ರ ಜಪಾನ್ ದಾಳಿಯಲ್ಲಿ ಪರ್ಲ್ ಹಾರ್ಬರ್‌ನಲ್ಲಿ ಮುಳುಗಿದ ಅಮೆರಿಕದ 'ಒಕ್ಲಹೋಮ' ಯುದ್ಧಹಡಗಿನಲ್ಲಿ 429 ಜನ ಸತ್ತಿದ್ದರು. ಬಹುಪಾಲು ಜನರನ್ನು ಹೆಸರಿಲ್ಲದೆ ಮಣ್ಣು ಮಾಡಿದ್ದರು. 2015ರಲ್ಲಿ ಮತ್ತೆ ಅಗೆದು ಪರೀಕ್ಷೆ ಶುರುಮಾಡಿದರು, ನೂರಾರು ಜನರ ಗುರುತು ಸಿಕ್ಕಿತು. ತಾಯಿ ಇರುವುದಿಲ್ಲ, ನಿಜ. ಆದರೆ ತಮ್ಮ, ತಂಗಿ, ಅವರ ಮಕ್ಕಳು ಇರುತ್ತಾರೆ. ಆ ಖಾಲಿ ಜಾಗದ ಸುತ್ತಲೇ ಬೆಳೆದವರು ಅವರು.

ಎರಡನೇ_ಮಗ

ಅದು ನಾನು. ಮನೆಯಲ್ಲಿ ಏನೇ ಒಳ್ಳೆಯದಾದರೂ ಒಂದು ಕ್ಷಣ ಎಲ್ಲರೂ ಸುಮ್ಮನಾಗುತ್ತಾರೆ. ನನ್ನ ಮದುವೆಯಲ್ಲೂ ಆದರು. ನಾನು ಸೇನೆಗೆ ಸೇರಬೇಕು ಅಂದುಕೊಂಡಿದ್ದೆ, ಅಮ್ಮ ಬಾಗಿಲಿಗೆ ಅಡ್ಡ ಕೂತಳು. ಇನ್ನೊಬ್ಬನನ್ನು ಕೊಡುವುದಿಲ್ಲ ಅಂದಳು. ಬೇಸರ ಇಲ್ಲ ಅಂದರೆ ಸುಳ್ಳಾಗುತ್ತದೆ.

ದೂರದೂರು

ನೇರಮಾತು ಅವರಿಗೆ ಇನ್ನೊಂದು. ಯುದ್ಧ ಮುಗಿದ ದಿನ ಸಾವು ಮುಗಿಯುವುದಿಲ್ಲ. 1964ರಿಂದ 1973ರ ತನಕ ಅಮೆರಿಕ ಲಾವೋಸ್ ಮೇಲೆ 20 ಲಕ್ಷ ಟನ್‌ಗೂ ಹೆಚ್ಚು ಬಾಂಬು ಹಾಕಿತು. ಎಷ್ಟೋ ಸಿಡಿಯದೆ ಮಣ್ಣಿನಲ್ಲಿ ಉಳಿದವು. ಯುದ್ಧ ನಿಂತ ಮೇಲೆ ಅವುಗಳಿಂದ ಸತ್ತವರು, ಗಾಯಗೊಂಡವರು 20,000ಕ್ಕೂ ಹೆಚ್ಚು. ಅವರಲ್ಲಿ ಮಕ್ಕಳು ತುಂಬಾ. ಸಣ್ಣ ಬಾಂಬು ನೋಡಲು ಚೆಂಡಿನ ಹಾಗೆ ಇರುತ್ತದೆ.

ನಿರ್ವಾಹಕರು

ಇಂದಿನ ಯುದ್ಧಗಳಲ್ಲಿ ಯಾವ ಕಡೆ ಸರಿ ಎಂಬ ಬಗ್ಗೆ ಬಂದ ನಾಲ್ಕು ಪ್ರತಿಕ್ರಿಯೆ ತೆಗೆದಿದ್ದೇವೆ. ಅದಕ್ಕೆ ಬೇರೆ ಎಳೆ ಇದೆ.

ಹಳೇಪುಟ

ಕಿರಿಯವಳು ಅವರೇ, ನಿಮ್ಮ ಅಣ್ಣನಿಗೆ ಹೇಳಬಹುದಾದ ಒಂದು ಸಂಗತಿ ನೆನಪಾಯಿತು. ವಾಷಿಂಗ್ಟನ್‌ನಲ್ಲಿ ವಿಯೆಟ್ನಾಂ ಯುದ್ಧದ ಕಪ್ಪು ಕಲ್ಲಿನ ಗೋಡೆ ಇದೆ, 1982ರದು. 58,000ಕ್ಕೂ ಹೆಚ್ಚು ಹೆಸರು. ವಿನ್ಯಾಸ ಮಾಡಿದ ಮಾಯಾ ಲಿನ್ ಆಗ 21 ವರ್ಷದ ವಿದ್ಯಾರ್ಥಿನಿ. ಹೆಸರುಗಳನ್ನು ಅಕ್ಷರದ ಕ್ರಮದಲ್ಲಿ ಹಾಕಿದರೆ ಹುಡುಕಲು ಸುಲಭ ಎಂದು ಕೆಲವರು ಹೇಳಿದರು. ಲಿನ್ ಒಪ್ಪಲಿಲ್ಲ, ಸತ್ತ ದಿನಾಂಕದ ಕ್ರಮ ಬೇಕು ಅಂದರು. ಹಾಗಾಗಿ ಒಂದೇ ದಿನ ಒಟ್ಟಿಗೆ ಹೋದವರ ಹೆಸರು ಗೋಡೆಯ ಮೇಲೂ ಒಟ್ಟಿಗೇ ಇದೆ. ಬದುಕಿ ಬಂದವನು ತನ್ನ ದಿನದ ಹತ್ತಿರ ಹೋಗಿ ನಿಂತರೆ ಜೊತೆಗಿದ್ದವರೆಲ್ಲ ಒಂದೇ ಕಡೆ ಸಿಗುತ್ತಾರೆ. ಕಲ್ಲು ಕನ್ನಡಿಯಷ್ಟು ನುಣುಪು, ಆ ಹೆಸರುಗಳ ಮೇಲೆ ಅವನ ಮುಖವೂ ಕಾಣುತ್ತದೆ.

ಅದೇ ಯುದ್ಧದಲ್ಲಿ ಸತ್ತ ವಿಯೆಟ್ನಾಂನ ಜನಸಾಮಾನ್ಯರು ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ದೂರದೂರು ಅವರು ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ, ಅವರ ಹೆಸರು ಆ ಗೋಡೆಯಲ್ಲಿಲ್ಲ.

ದೂರದೂರು

ಹೇಳುವವನಿದ್ದೆ :)

ಕಿರಿಯವಳು

ಎರಡು ವಾರ ಬರೆಯಲಿಲ್ಲ, ಕ್ಷಮಿಸಿ.

ಇಡೀ ಚರ್ಚೆಯನ್ನು ಅಣ್ಣನಿಗೆ ಓದಲು ಕೊಟ್ಟೆ. ಏನೂ ಹೇಳದೆ ಫೋನ್ ವಾಪಸ್ ಕೊಟ್ಟ. ಮೊದಲ ಭಾನುವಾರ ಅವರ ಫೋನ್ ಬಂದಾಗ ಅವನಿಗೆ ಹೇಳಿಯೇ ನಾನು ಎತ್ತಿದೆ. ಕೇಳುವ_ಕಿವಿ ಮೇಡಂ ಹೇಳಿಕೊಟ್ಟ ಮಾತನ್ನೇ ಹೇಳಿದೆ. "ಪರವಾಗಿಲ್ಲಮ್ಮ, ಅವನಿಗೆ ಆದಾಗ ಮಾಡಲಿ" ಅಂದರು. ಅಣ್ಣ ಪಕ್ಕದ ರೂಮಿನಲ್ಲಿ ಬಾಗಿಲ ಹಿಂದೆ ನಿಂತಿದ್ದ.

ಮೊನ್ನೆ ಭಾನುವಾರ ಅವರ ಫೋನ್ ಬರುವ ಮೊದಲೇ ಇವನೇ ಮಾಡಿದ. ನಾಲ್ಕು ನಿಮಿಷ ಮಾತಾಡಿದ, ನಾನು ಗಡಿಯಾರ ನೋಡುತ್ತಿದ್ದೆ. ಹೆಚ್ಚಿಗೆ ಅವರೇ ಮಾತಾಡಿದ್ದು. ಕೊನೆಯ ದಿನದ ಬಗ್ಗೆ ಕೇಳಲೇ ಇಲ್ಲವಂತೆ. "ಕೈ ವಾಸಿ ಆಯಿತಾ?" ಎಂದು ಕೇಳಿದರಂತೆ. ಇವನಿಗೆ ಪೆಟ್ಟಾದದ್ದು ಅವರಿಗೆ ಹೇಗೆ ಗೊತ್ತು ಎಂದು ಇವನಿಗೆ ಆಶ್ಚರ್ಯ. ಆಮೇಲೆ ರಾತ್ರಿ ತುಂಬಾ ಅತ್ತ. ನಾನು ಪಕ್ಕದಲ್ಲಿ ಕೂತಿದ್ದೆ, ಏನೂ ಹೇಳಲಿಲ್ಲ. ಮುಂದಿನ ವಾರ ಒಬ್ಬ ವೈದ್ಯರನ್ನು ನೋಡಲು ಒಪ್ಪಿದ್ದಾನೆ.

ಹವಾಲ್ದಾರ್ ಸರ್, ನಿಮ್ಮ ನಂಬರ್ ಖಾಸಗಿ ಸಂದೇಶದಲ್ಲಿ ಕಳಿಸಬಹುದಾ? ಅವನೇ ಕೇಳಿದ.

ನಿವೃತ್ತ_ಹವಾಲ್ದಾರ್

ಕಳಿಸಿದ್ದೇನೆ ತಂಗಿ. ಯಾವ ಹೊತ್ತಾದರೂ ಮಾಡಲಿ. ರಾತ್ರಿ ಎರಡು ಗಂಟೆಗಾದರೂ ಸರಿ, ಎದ್ದೇ ಇರುತ್ತೇನೆ.

ನೇರಮಾತು

ಕೈ ಈಗ ಹೇಗಿದೆ ಅವರಿಗೆ?

ಕಿರಿಯವಳು

ಎರಡು ಬೆರಳು ಇನ್ನೂ ಪೂರ್ತಿ ಮಡಚಲು ಆಗುವುದಿಲ್ಲ. ಕೇಳಿದ್ದಕ್ಕೆ ಥ್ಯಾಂಕ್ಸ್.